ರನ್‌ವೇಯ ಉದ್ದ ‘ಸಂದರ್ಭಾನುಸಾರ’ ಎಂದು ಬರೆದವರಿಗೆ

ಕುಷ್ಟಗಿ, ಫೆಬ್ರವರಿ

ವಿಮಾನ ನಿಲ್ದಾಣ ಸ್ಥಳ ಪರಿಶೀಲನಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ತಮ್ಮ ವರದಿಯ ಹನ್ನೊಂದನೆಯ ಪುಟದಲ್ಲಿ ‘ಪ್ರಸ್ತಾವಿತ ರನ್‌ವೇಯ ಉದ್ದ’ ಎಂಬ ಕಲಂ ಇದೆ. ಅದರ ಮುಂದೆ ಒಂದು ಸಂಖ್ಯೆ ಇರಬೇಕಿತ್ತು. ತಾವು ‘ಸಂದರ್ಭಾನುಸಾರ’ ಎಂದು ಬರೆದಿದ್ದೀರಿ. ನಾನು ಎಂಟು ವರ್ಷ ವಿಮಾನ ಹಾರಿಸಿದವಳು. ಮಳೆಯಲ್ಲಿ ಇಳಿದಿದ್ದೇನೆ, ಮಂಜಿನಲ್ಲಿ ಇಳಿದಿದ್ದೇನೆ, ನಾಯಿಗಳ ಹಿಂಡು ಅಡ್ಡ ಓಡಿದಾಗ ಇಳಿಯದೆ ಮತ್ತೆ ಮೇಲೆದ್ದಿದ್ದೇನೆ. ಆದರೆ ಸಂದರ್ಭ ನೋಡಿ ಉದ್ದವಾಗುವ, ಸಂದರ್ಭ ನೋಡಿ ಗಿಡ್ಡವಾಗುವ ರನ್‌ವೇಯ ಮೇಲೆ ಇಳಿಯುವ ಭಾಗ್ಯ ನನಗೆ ಇನ್ನೂ ಒದಗಿಲ್ಲ. ಅಂಥದ್ದೊಂದು ಜಗತ್ತಿನಲ್ಲಿ ಮೊದಲ ಬಾರಿಗೆ ನಮ್ಮ ಜಿಲ್ಲೆಯಲ್ಲಿ ಆಗುವುದಾದರೆ ಹೆಮ್ಮೆಯೇ ಸರಿ. ಆದರೆ ನನಗೆ ಸದ್ಯಕ್ಕೆ ಹೆಮ್ಮೆ ಬೇಡ, ಸಂಖ್ಯೆ ಬೇಕು. ಅದೂ ಈ ತಿಂಗಳ ಇಪ್ಪತ್ತನೆಯ ತಾರೀಖಿನೊಳಗೆ ಬೇಕು.

ಯಾಕೆ ಬೇಕು ಎಂದು ಹೇಳುತ್ತೇನೆ. ನನ್ನ ಹೆಸರು ಹೇಮಾ. ಯಲಬುರ್ಗಾ ಕಡೆಯ ಮಂಗಳೂರಿನ ದುರುಗಪ್ಪ ಮತ್ತು ಹೊಳಿಯಮ್ಮ ಇವರ ಮಗಳು. ಮಂಗಳೂರು ಎಂದೊಡನೆ ತಾವು ಕಡಲು, ಮೀನು, ಗುಡ್ಡದ ಮೇಲಿನ ವಿಮಾನ ನಿಲ್ದಾಣ ಇವನ್ನೆಲ್ಲ ನೆನೆಸಿಕೊಳ್ಳಬೇಡಿ. ಆ ಮಂಗಳೂರು ಬೇರೆ. ನಮ್ಮ ಮಂಗಳೂರಿನಲ್ಲಿ ಬಿಳಿಜೋಳ, ಕಡಲೆ ಬೆಳೆಯುತ್ತವೆ, ಮತ್ತು ವಿಮಾನ ಎಂದರೆ ಮಕ್ಕಳು ಈಗಲೂ ಅಂಗಳಕ್ಕೆ ಓಡಿ ಬಂದು ತಲೆ ಎತ್ತುತ್ತಾರೆ. ಅಂಥ ಅಂಗಳದಿಂದ ಹೋಗಿ, ಸರಕಾರದ ನೆರವಿನಿಂದಲೇ ತರಬೇತಿ ಪಡೆದು, ನಾನು ವಿಮಾನ ಚಾಲಕಿಯಾದೆ. ಒಂದು ಸಣ್ಣ ಕಂಪನಿಯ ಐವತ್ತು ಸೀಟಿನ ಜೆಟ್ ಹಾರಿಸುತ್ತಿದ್ದೆ. ಹೋದ ಶ್ರಾವಣದಲ್ಲಿ ಆ ಕಂಪನಿ ಬಾಗಿಲು ಹಾಕಿತು. ಮಧ್ಯಾಹ್ನ ಎರಡು ಗಂಟೆಗೆ ಒಂದು ಸಂದೇಶ ಬಂತು. ‘ನಿಮ್ಮ ಅಮೂಲ್ಯ ಸೇವೆಯನ್ನು ಸದಾ ಸ್ಮರಿಸುತ್ತೇವೆ’ ಎಂದಿತ್ತು. ಸಂಜೆಯೊಳಗೆ ಗುರುತಿನ ಚೀಟಿ ಮರಳಿಸಬೇಕು ಎಂದೂ ಇತ್ತು. ಸ್ಮರಣೆ ಅಷ್ಟು ಗಟ್ಟಿಯಾಗಿದ್ದ ಮೇಲೆ ಗುರುತಿನ ಚೀಟಿ ಯಾಕೆ ಬೇಕು, ಅಲ್ಲವೇ? ಕೊಟ್ಟು ಬಸ್ಸು ಹತ್ತಿದೆ. ಹಿಟ್ನಾಳದ ಬಳಿ ಬಸ್ಸು ನಿಂತಾಗ ಚಹಾ ಕುಡಿಯಲು ಇಳಿದೆ. ಎಂಟು ವರ್ಷದಲ್ಲಿ ಮೊದಲ ಸಲ ನನಗೆ ಗಡಿಯಾರ ನೋಡುವ ಅಗತ್ಯ ಬೀಳಲಿಲ್ಲ. ಅಲ್ಲಿ ನಿಂತು ಸ್ವಲ್ಪ ಅತ್ತೆ.

ಮೊದಲು ತವರಿಗೆ ಹೋದೆ, ಅಲ್ಲಿ ಅಳುವುದಕ್ಕೆ ಯಾರೂ ಬಿಡಲಿಲ್ಲ. ನಮ್ಮ ಜನ ಕೆಲಸ ಹೋಯಿತು ಎಂಬುದನ್ನು ಒಪ್ಪಲೇ ಇಲ್ಲ. ಅಷ್ಟು ಓದಿದವಳ ಕೆಲಸ ಹೋಗುವುದು ಹೇಗೆ? ಪಕ್ಕದ ಮನೆಯ ಫಕೀರಮ್ಮ ಬಂದು ಕೇಳಿದಳು: “ಏನವ್ವಾ ಹೇಮಾ, ನಿನ್ನ ಇಮಾನ ಕೆಟ್ಟೈತಂತ?” ನಾನು ಬಾಯಿ ತೆರೆಯುವ ಮೊದಲೇ ನಮ್ಮವ್ವ ಒಳಗಿನಿಂದ ಹೇಳಿದಳು: “ಹೌದವಾ, ರಿಪೇರಿಗೆ ಬಿಟ್ಟಾರ. ಸಾಮಾನು ಬರಬೇಕಂತ. ತಡಾ ಆಕ್ಕೈತಿ.” ಅಂದಿನಿಂದ ಇಂದಿನವರೆಗೂ ಊರಿನಲ್ಲಿ ಎದುರಾದವರೆಲ್ಲ “ಸಾಮಾನು ಬಂತೇನವಾ?” ಎಂದೇ ಕೇಳುತ್ತಾರೆ. ನಾನು “ಇನ್ನೂ ಇಲ್ರಿ” ಎನ್ನುತ್ತೇನೆ. ಯೋಚಿಸಿ ನೋಡಿದರೆ ಅದು ಸುಳ್ಳೂ ಅಲ್ಲ.

ಈಗ ತಮಗೆ ಗೊತ್ತಿರಬಹುದಾದ ಒಂದು ವಿಷಯವನ್ನು, ಈ ಬಹಿರಂಗ ಪತ್ರದ ಗೊತ್ತಿಲ್ಲದ ಓದುಗರಿಗಾಗಿ ವಿವರಿಸುತ್ತೇನೆ. ತಮಗೂ ಗೊತ್ತಿಲ್ಲದಿದ್ದರೆ ಓದುಗರ ನೆಪದಲ್ಲಿ ಓದಿಕೊಳ್ಳಬಹುದು. ಟ್ರ್ಯಾಕ್ಟರಿನ ಲೈಸೆನ್ಸ್ ಒಂದಿದ್ದರೆ ಯಾವ ಕಂಪನಿಯ ಟ್ರ್ಯಾಕ್ಟರನ್ನಾದರೂ ಹೊಡೆಯಬಹುದು. ವಿಮಾನದ್ದು ಹಾಗಲ್ಲ. ಒಂದೊಂದು ಮಾದರಿಯ ದೊಡ್ಡ ವಿಮಾನಕ್ಕೂ ಬೇರೆ ಬೇರೆ ತರಬೇತಿ, ಬೇರೆ ಬೇರೆ ಪರೀಕ್ಷೆ. ಅದನ್ನು ಟೈಪ್ ರೇಟಿಂಗ್ ಎನ್ನುತ್ತಾರೆ. ನನಗಿದ್ದ ಟೈಪ್ ರೇಟಿಂಗ್ ಆ ಐವತ್ತು ಸೀಟಿನ ಜೆಟ್ಟಿನದು. ಆ ಮಾದರಿಯನ್ನು ಇಟ್ಟುಕೊಂಡು ನನ್ನನ್ನು ಕೆಲಸಕ್ಕೆ ಕರೆಯುವ ಕಂಪನಿ ಈಗ ನಮ್ಮಲ್ಲಿ ಒಂದೂ ಇಲ್ಲ. ಅಂದರೆ ಕೆಲಸ ಬೇಕಾದರೆ ಇನ್ನೊಂದು ಮಾದರಿಯನ್ನು ಮೊದಲಿನಿಂದ ಕಲಿಯಬೇಕು. ಯಾವುದನ್ನು? ನನ್ನ ಮುಂದೆ ಎರಡಿವೆ. ಒಂದು, ನೂರಾ ಎಂಬತ್ತು ಸೀಟಿನ ದೊಡ್ಡ ಜೆಟ್. ದೇಶದ ತುಂಬ ಅವೇ ಇವೆ, ಕೆಲಸ ಬೇಗ ಸಿಗುತ್ತದೆ, ದೂರದ ದೊಡ್ಡ ನಗರದಲ್ಲಿ ಮನೆ ಮಾಡಬೇಕು. ಇನ್ನೊಂದು, ರೆಕ್ಕೆಗೆ ಪಂಖವಿರುವ ಎಪ್ಪತ್ತು ಸೀಟಿನ ಸಣ್ಣ ವಿಮಾನ. ನಮ್ಮ ಭಾಗದ ಊರುಗಳಿಗೆ ಇದನ್ನು ಓಡಿಸಲು ಹೊರಟಿರುವ ಹೊಸ ಕಂಪನಿಯೊಂದು ನನ್ನನ್ನು ಮಾತಾಡಿಸಿದೆ. ‘ನಿಮ್ಮ ಜಿಲ್ಲೆಯಲ್ಲಿ ನಿಲ್ದಾಣವಾದರೆ ಎರಡು ವಿಮಾನ ಅಲ್ಲೇ ತಂಗುತ್ತವೆ, ಚಾಲಕರನ್ನೂ ಅಲ್ಲಿಯವರನ್ನೇ ಹಾಕುತ್ತೇವೆ’ ಎಂದಿದೆ. ಯಾವುದೋ ಒಂದನ್ನು ಆರಿಸಿ ಇಪ್ಪತ್ತರೊಳಗೆ ತರಬೇತಿ ಸಂಸ್ಥೆಗೆ ತಿಳಿಸಬೇಕು.

ನೆರೆಯ ಜಿಲ್ಲೆಗಳಲ್ಲಿ ವಿಮಾನ ಇಳಿಯುತ್ತದಲ್ಲ, ಇಲ್ಲೂ ಯಾಕೆ ಬೇಕು ಎಂದು ತಾವು ಕೇಳಬಹುದು. ವಿಮಾನ ಬಂದು ಹೋಗುವ ಊರು ಬೇರೆ, ಅದು ತಂಗುವ ಊರು ಬೇರೆ. ಚಾಲಕಿಯ ಮನೆ ಇರಬೇಕಾದದ್ದು ಅದು ತಂಗುವ ಊರಿನಲ್ಲಿ. ನನ್ನ ಗಂಡ ತಿರುಮಲೇಶ ಕುಷ್ಟಗಿ ತಾಲೂಕಿನ ಒಂದು ಸರಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನದ ಮಾಸ್ತರು. ಅವರದು ಸ್ಥಳೀಯ ವೃಂದದ ನೌಕರಿ, ಈ ಭಾಗ ಬಿಟ್ಟು ಆಚೆ ವರ್ಗಾವಣೆ ಇಲ್ಲ. ಮದುವೆಯಾಗಿ ಆರು ವರ್ಷ. ಇಷ್ಟು ದಿನ ನಾನು ತಿಂಗಳಿಗೆ ಎರಡು ದಿನ ಬರುತ್ತಿದ್ದೆ. ಅದರಲ್ಲಿ ಒಂದು ದಿನ ನಿದ್ದೆ, ಇನ್ನೊಂದು ದಿನ ಬಟ್ಟೆ ಒಗೆಯುವುದು. ಕೆಲಸ ಹೋದ ಮೇಲೆ ಆರು ತಿಂಗಳು ಸತತವಾಗಿ ಒಂದೇ ಮನೆಯಲ್ಲಿದ್ದೇವೆ. ಈ ಮನುಷ್ಯ ಪ್ರತಿ ಅಂಗಿಯ ಜೇಬಿನಲ್ಲೂ ಸೀಮೆಸುಣ್ಣದ ತುಂಡು ಮರೆತಿರುತ್ತಾರೆ ಎಂದು ನನಗೆ ಗೊತ್ತಾದದ್ದೇ ಈಗ. ಚಹಾ ಸೋಸುವಾಗ ಪಾಠ ಹೇಳಿದಂತೆ ತಮ್ಮಷ್ಟಕ್ಕೆ ತಾವೇ ಮಾತಾಡುತ್ತಾರೆ ಎಂದು ಗೊತ್ತಾದದ್ದೂ ಈಗ. ಮದುವೆಯಾದ ಆರನೆಯ ವರ್ಷಕ್ಕೆ ನಾವು ಮೊದಲ ಸಲ ಜಗಳವಾಡಿದೆವು. ನಳದ ನೀರು ಬಂದಾಗ ಟಾಕಿ ತುಂಬಿಸಬೇಕಾದವರು ಯಾರು ಎಂಬುದೇ ವಿಷಯ. ಎರಡು ದಿನ ಮಾತು ಬಿಟ್ಟೆವು. ಹಿಂದೆಲ್ಲ ಮಾತು ಬಿಡುವುದಕ್ಕೂ ನಮ್ಮ ಹತ್ತಿರ ದಿನ ಇರುತ್ತಿರಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಜಗಳ ನನಗೆ ಭಾಳ ಸೇರಿತು. ನಾನು ಈ ಮನೆಯಲ್ಲೇ ಇರಬೇಕು ಎಂದು ಅಂದೇ ಅನಿಸಿತು.

ಯಾವ ವಿಮಾನ ಆರಿಸಲಿ ಎಂದು ನಾನು ಊರಿನಲ್ಲಿ ಕೇಳದವರಿಲ್ಲ. ಚಿಕ್ಕಪ್ಪ ಹೆಚ್ಚು ಸೀಟಿನದನ್ನು ಆರಿಸು ಎಂದರು. ಫಕೀರಮ್ಮ ಕಡಿಮೆ ಸದ್ದಿನದು ಎಂದಳು. ನನಗೆ ಸರಿಯಾಗಿ ದಾರಿ ತೋರಿಸಿದವರು ಕುಷ್ಟಗಿಯ ಹೆದ್ದಾರಿ ಬದಿಯ ಮೆಕ್ಯಾನಿಕ್ ಮಕ್ಬುಲಸಾಬ ಕಾಕಾ. ನಮ್ಮ ಕಡೆ ಟ್ರ್ಯಾಕ್ಟರ್ ಕೊಳ್ಳುವವರು ಶೋರೂಮಿಗೆ ಹೋಗುವ ಮೊದಲು ಇವರ ಹತ್ತಿರ ಬಂದು ಕೇಳುತ್ತಾರೆ. ನಾನೂ ಹೋಗಿ ಕೇಳಿದೆ. ಅವರು ಕೈಗೆ ಹತ್ತಿದ ಎಣ್ಣೆ ಒರೆಸಿಕೊಳ್ಳುತ್ತಾ ಎರಡೂ ವಿಮಾನಗಳ ವಿವರವನ್ನು ಪೂರ್ತಿ ಕೇಳಿಸಿಕೊಂಡರು. ಎಂಜಿನ್ ಎಷ್ಟು, ಎಣ್ಣೆ ಎಷ್ಟು ಕುಡಿಯುತ್ತದೆ, ಟೈರು ಎಷ್ಟು ದಿನ ಬರುತ್ತದೆ ಎಂದೆಲ್ಲ ವಿಚಾರಿಸಿದರು. ಆಮೇಲೆ ಹೇಳಿದರು:

“ನೋಡವ್ವಾ, ಟ್ರ್ಯಾಕ್ಟರ್ ತಗೋತೀನಿ ಅಂತ ಬಂದವಗ ನಾ ಮೊದಲ ಏನ್ ಕೇಳ್ತೀನಿ? ‘ನಿನ್ನ ಹೊಲ ಕರಿ ಎರಿನೋ, ಕೆಂಪು ಮಸಾರಿನೋ?’ ಅಂತ ಕೇಳ್ತೀನಿ. ಎರಿ ನೆಲಕ್ಕ ಒಂದು ಗಾಡಿ, ಮಸಾರಿಗೆ ಒಂದು ಗಾಡಿ. ಹೊಲ ನೋಡದ ಗಾಡಿ ಹೇಳಾವ ಮೆಕ್ಯಾನಿಕ್ ಅಲ್ಲ, ದಲ್ಲಾಳಿ. ನಿನ್ನ ಇಮಾನ ಇಳಿಯೂ ನೆಲ ಎಷ್ಟುದ್ದ ಐತಿ ಅದನ್ನ ಹೇಳು, ಯಾವ ಗಾಡಿ ಅಂತ ನಾ ಹೇಳ್ತೀನಿ.”

“ಅದನ್ನ ಇನ್ನೂ ಹೇಳಿಲ್ಲ ಕಾಕಾ.”

“ಯಾರ ಹೇಳಬೇಕು?”

“ಸಮಿತಿ ಐತಿ.”

“ಹಂಗಾರ ಅವರನ್ನ ಕೇಳ ಹೋಗು. ನನ್ನ ಯಾಕ ಕೇಳ್ತಿ?”

ಆದ್ದರಿಂದ ಕೇಳುತ್ತಿದ್ದೇನೆ. ಸಣ್ಣ ವಿಮಾನಕ್ಕೆ ಸಾವಿರದ ನಾನೂರು ಮೀಟರ್ ನೆಲ ಸಾಕು. ದೊಡ್ಡ ಜೆಟ್ಟಿಗೆ ಎರಡು ಸಾವಿರದ ಮೇಲೆ ಬೇಕು. ತಾವು ಸಂಖ್ಯೆಯೊಂದನ್ನು ಬರೆದಿದ್ದರೆ ನನ್ನ ಪ್ರಶ್ನೆ ಅಲ್ಲಿಗೇ ಮುಗಿಯುತ್ತಿತ್ತು. ‘ನೆಲವೇ ಇಲ್ಲ’ ಎಂದು ಬರೆದಿದ್ದರೂ ಮುಗಿಯುತ್ತಿತ್ತು. ಕಣ್ಣೊರೆಸಿಕೊಂಡು ದೊಡ್ಡ ಜೆಟ್ ಕಲಿತು ದೂರ ಹೋಗುತ್ತಿದ್ದೆ. ತಾವು ಎರಡನ್ನೂ ಬರೆಯಲಿಲ್ಲ.

ಯಾಕೆ ಬರೆಯಲಿಲ್ಲ ಎಂಬುದಕ್ಕೆ ನಾನೇ ಪ್ರತ್ಯಕ್ಷ ಸಾಕ್ಷಿ. ತಾವು ಸ್ಥಳ ನೋಡಲು ನಮ್ಮೂರ ಆಚೆಯ ಸರಕಾರಿ ಗಾಯರಾಣಕ್ಕೆ ಬಂದದ್ದು ಯಾವ ದಿನ ಎಂದು ನೆನಪಿದೆಯೇ? ದನ ಮೇಯುವ ಆ ಬಯಲು, ಅದರ ಸುತ್ತಲಿನ ಎರೆ ಹೊಲಗಳು ವರ್ಷದ ಮುನ್ನೂರಾ ಅರವತ್ತನಾಲ್ಕು ದಿನ ಖಾಲಿ ಬಿದ್ದಿರುತ್ತವೆ. ಬಿತ್ತುವಾಗ, ಕೊಯ್ಯುವಾಗ ನಾಲ್ಕು ಜನ ಕಾಣುತ್ತಾರೆ, ಅಷ್ಟೇ. ತಾವು ಉಳಿದ ಒಂದು ದಿನ ಬಂದಿರಿ. ಎಳ್ಳ ಅಮಾವಾಸ್ಯೆಯ ದಿನ ಬಂದಿರಿ. ಅಂದು ನಮ್ಮ ಕಡೆ ಊರಿಗೆ ಊರೇ ಹೊಲದಲ್ಲಿರುತ್ತದೆ. ಸಜ್ಜಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ ಬುಟ್ಟಿಯಲ್ಲಿ ಕಟ್ಟಿಕೊಂಡು, ಗಾಡಿ, ಟ್ರ್ಯಾಕ್ಟರುಗಳಲ್ಲಿ ಬಂಧು ಬಳಗವನ್ನೆಲ್ಲ ತುಂಬಿಕೊಂಡು ಬರುತ್ತಾರೆ. ಹೊಲದಲ್ಲಿ ಐದು ಕಲ್ಲು ಆರಿಸಿ ಸುಣ್ಣ ಹಚ್ಚಿ ಪಾಂಡವರೆಂದು ಪೂಜಿಸುತ್ತಾರೆ. ಭೂತಾಯಿಗೆಂದು ಅಡುಗೆಯನ್ನು ಕಲಸಿ ‘ಹುಲ್ಲುಲ್ಲಿಗ್ಯೋ’ ಎಂದು ಕೂಗುತ್ತಾ ಹೊಲದ ಸುತ್ತ ಚರಗ ಚೆಲ್ಲುತ್ತಾರೆ. ಆಮೇಲೆ ಸೀರೆಯ ನೆರಳು ಕಟ್ಟಿಕೊಂಡು ಉಣ್ಣುತ್ತಾರೆ. ಸಂಜೆಗೆ ಎಲ್ಲರೂ ಮನೆಗೆ ಮರಳುತ್ತಾರೆ. ಈ ರಜೆಯ ದಿನವೇ ಸ್ಥಳ ಪರಿಶೀಲನೆಗೆ ಪ್ರಶಸ್ತ ಎಂದು ತಮಗೆ ಹೇಳಿದವರು ಯಾರೋ, ಅವರಿಗೆ ಹೋಳಿಗೆಯ ಆಸೆ ಇದ್ದಿರಬೇಕು.

ಈಗ ತಮ್ಮ ವರದಿಯ ಮಾತುಗಳನ್ನೇ ಮುಂದಿಡುತ್ತೇನೆ. ‘ಪ್ರಸ್ತಾವಿತ ಸ್ಥಳದಲ್ಲಿ ದಟ್ಟ ಜನವಸತಿ ಕಂಡುಬಂದಿದ್ದು, ಬಟ್ಟೆಯಿಂದ ನಿರ್ಮಿಸಿದ ವಸತಿಗಳಲ್ಲಿ ಸುಮಾರು ಇನ್ನೂರು ಕುಟುಂಬಗಳು ವಾಸವಾಗಿರುತ್ತವೆ.’ ಮಾನ್ಯರೇ, ಅದರಲ್ಲಿ ಹಳದಿ ಬಣ್ಣದ ವಸತಿ ನಮ್ಮವ್ವನ ಇಳಕಲ್ ಸೀರೆ. ಅವಳು ಅದನ್ನು ಮರುದಿನ ಮಡಚಿ ಟ್ರಂಕಿನಲ್ಲಿ ಇಟ್ಟಳು. ಇನ್ನೂರು ಕುಟುಂಬಗಳ ಪುನರ್ವಸತಿಗೆ ತಾವು ಮೂರು ಪುಟ ಬರೆದಿದ್ದೀರಿ. ಅವರೆಲ್ಲರೂ ಅದೇ ಸಂಜೆ ಯಾವ ನೆರವೂ ಇಲ್ಲದೆ ತಮ್ಮ ಪುನರ್ವಸತಿಯನ್ನು ತಾವೇ ಮಾಡಿಕೊಂಡಿದ್ದಾರೆ. ಮುಂದೆ, ‘ಮೂವತ್ತೇಳು ಧಾರ್ಮಿಕ ಸ್ಥಳಗಳಿದ್ದು, ಸ್ಥಳಾಂತರ ಸೂಕ್ಷ್ಮ ವಿಷಯವಾಗಿರುತ್ತದೆ.’ ಬದುವಿನಿಂದ ಅಂದೇ ಬೆಳಿಗ್ಗೆ ಹೆಕ್ಕಿದ ಕಲ್ಲುಗಳವು. ನಮ್ಮ ಹೊಲದ ಪಾಂಡವರನ್ನು ಆರಿಸಿದವಳು ನಾನೇ. ಭೀಮನಿಗೆ ತಕ್ಕ ಕಲ್ಲು ಸಿಗದೆ ಅರ್ಧ ಗಂಟೆ ಹುಡುಕಿದೆ. ಇನ್ನೂ ಮುಂದೆ, ‘ಸ್ಥಳೀಯರು ನಾಲ್ಕೂ ದಿಕ್ಕಿಗೆ ನಿತ್ಯ ಆಹಾರ ಎರಚುವ ಪದ್ಧತಿ ಇಟ್ಟುಕೊಂಡಿದ್ದು, ಇದರಿಂದ ಹಕ್ಕಿಗಳ ಹಾವಳಿ ಅಧಿಕವಾಗಿ ವಿಮಾನಗಳಿಗೆ ಅಪಾಯವಿದೆ.’ ಹಕ್ಕಿಯ ಅಪಾಯವನ್ನು ನಾನು ತಮಾಷೆ ಮಾಡುವುದಿಲ್ಲ. ಒಮ್ಮೆ ಹದ್ದೊಂದು ಬಡಿದು ನನ್ನ ಮುಂದಿನ ಗಾಜು ಬಿರುಕು ಬಿಟ್ಟಿತ್ತು. ಆದರೆ ಆ ‘ನಿತ್ಯ’ ಎಂಬುದನ್ನು ತಾವು ಎಲ್ಲಿಂದ ತಂದಿರಿ? ನಿತ್ಯವೂ ಶೇಂಗಾ ಹೋಳಿಗೆ ಮಾಡಿ ಹೊಲಕ್ಕೆ ಚೆಲ್ಲುವಷ್ಟು ಸ್ಥಿತಿವಂತರಾಗಿದ್ದರೆ ನಾವು ಸರಕಾರವನ್ನು ಕೇಳುತ್ತಲೇ ಇರಲಿಲ್ಲ, ವಿಮಾನ ನಿಲ್ದಾಣವನ್ನು ಊರ ವಂತಿಗೆಯಲ್ಲೇ ಕಟ್ಟಿಕೊಳ್ಳುತ್ತಿದ್ದೆವು.

ತಮಗೆ ಯಾರೂ ಹೇಳಲಿಲ್ಲ ಎನ್ನುವ ಹಾಗೂ ಇಲ್ಲ. ಚರಗದ ದಿನ ದಾರಿಯಲ್ಲಿ ಕಂಡವರನ್ನು ಉಣ್ಣಿಸದೆ ಬಿಡುವುದು ನಮ್ಮಲ್ಲಿ ಇಲ್ಲ. ತಮ್ಮ ಜೀಪನ್ನು ಮೊದಲು ನಮ್ಮೂರ ಬಾಬಾಸಾಬರ ಹೊಲದಲ್ಲಿ ನಿಲ್ಲಿಸಿ ತಮಗೆ ಉಣ್ಣಿಸಿದರು. ಊರ ಹಬ್ಬ ಎಂದರೆ ಅವರ ಮನೆಯದೂ ಹೌದು. ಆಮೇಲೆ ಎರಡು ಕಡೆ ನಿಲ್ಲಿಸಿದರು. ನಾಲ್ಕನೆಯದು ನಮ್ಮ ಹೊಲ. ತಾವು ಹೊಟ್ಟೆ ಮೇಲೆ ಕೈ ಇಟ್ಟುಕೊಂಡು ಒಲ್ಲೆ ಎಂದಿರಿ. ನಮ್ಮವ್ವ ಬಿಡಲಿಲ್ಲ.

“ಉಣ್ರಿ ಸಾಹೇಬ್ರ, ನಾಚಬ್ಯಾಡ್ರಿ. ವರ್ಷಕ್ಕ ಒಂದ ದಿನ ನಾವು ಹೊಲದಾಗ ಕುಂತು ಉಣ್ಣೂದು. ನಾಳಿ ಬಂದ್ರ ಇಲ್ಲಿ ಒಂದು ಕಾಗಿನೂ ಸಿಗಂಗಿಲ್ಲ ನಿಮಗ.”

ವರ್ಷಕ್ಕೆ ಒಂದೇ ದಿನ ಎಂದಳು. ತಮ್ಮ ಎದುರು, ತಮ್ಮ ಎಲೆಗೆ ಎರಡನೆಯ ಹೋಳಿಗೆ ಹಾಕುತ್ತಾ ಹೇಳಿದಳು. ತಮ್ಮ ಗುಮಾಸ್ತರು ಪಕ್ಕದಲ್ಲೇ ಪುಸ್ತಕ ಬಿಚ್ಚಿಕೊಂಡು ಕೂತಿದ್ದರು. ಅವರು ಬರೆದುಕೊಂಡದ್ದು ಪುಂಡಿ ಪಲ್ಯ ಮಾಡುವ ವಿಧಾನ. ನಾನು ಹತ್ತಿರ ಬಂದು, ಸರ್, ನಾನು ವಿಮಾನ ಚಾಲಕಿ, ರನ್‌ವೇ ಯಾವ ದಿಕ್ಕಿಗೆ, ಎಷ್ಟು ಉದ್ದ ಬರುತ್ತದೆ ಎಂದು ಕೇಳಿದೆ. ತಾವು ತಲೆ ಎತ್ತಿ ನೋಡಿ, “ಓ, ಹೌದಾ? ಈಗ ಎಲ್ಲಿ ಕೆಲಸ?” ಎಂದಿರಿ. ಕೆಲಸ ಹೋಗಿದೆ, ಗಂಡ ಇಲ್ಲೇ ಮಾಸ್ತರು ಎಂದೆ. ಆಗ ತಾವು ಕೊಟ್ಟ ಸಲಹೆಯನ್ನು ನಾನು ಸಾಯುವ ತನಕ ಮರೆಯುವುದಿಲ್ಲ. “ಹೋಗ್ಲಿ ಬಿಡಮ್ಮ. ಯಜಮಾನ್ರು ಮೇಷ್ಟ್ರು ಅಂತೀರ. ನೀವೂ ಒಂದು ಬಿ.ಎಡ್. ಮಾಡ್ಕೊಂಬಿಡಿ.” ಹಾರುವ ವಿಮಾನದ ಎಂಜಿನ್ ಒಂದು ನಿಂತರೆ ಏನು ಮಾಡಬೇಕು ಎಂದು ಎಂಟು ವರ್ಷ ಕಲಿತವಳು ನಾನು. ಸಮಿತಿಯ ಅಧ್ಯಕ್ಷರು ಹೀಗೆ ಹೇಳಿದರೆ ಏನು ಮಾಡಬೇಕು ಎಂದು ಯಾರೂ ಕಲಿಸಿರಲಿಲ್ಲ. ತಮಗೆ ಮಜ್ಜಿಗೆ ಹಾಕಿದೆ.

ಒಪ್ಪುತ್ತೇನೆ, ಈ ಅಪರಾಧದಲ್ಲಿ ನಮ್ಮ ಪಾಲೂ ಇದೆ. ನಾಲ್ಕು ಹೊಲದಲ್ಲಿ ಉಂಡ ಮೇಲೆ ಯಾರಿಗೂ ಬಿಸಿಲಲ್ಲಿ ಟೇಪು ಹಿಡಿದು ನಡೆಯಲಾಗದು. ತಮ್ಮ ಅಳತೆಯ ಸಾಮಾನೆಲ್ಲ ಜೀಪಿನಲ್ಲೇ ಉಳಿದವು. ತಾವು ಬೇವಿನ ಮರದ ಕೆಳಗೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ‘ಸ್ಥಳದ ಸಮಗ್ರ ಅವಲೋಕನ’ ಮಾಡಿದಿರಿ. ನಮ್ಮಪ್ಪ ದುರುಗಪ್ಪ ದೂರದಿಂದ ನೋಡಿ, “ಪಾಪ, ದಣದಾರ. ಯಾರೂ ಎಬ್ಬಿಸಬ್ಯಾಡ್ರಿ” ಎಂದು ಎಲ್ಲರನ್ನೂ ಸುಮ್ಮನಿರಿಸಿದ. ಎಬ್ಬಿಸಬೇಕಿತ್ತು. ಹೋಗುವಾಗ ತಮ್ಮ ಜೀಪಿಗೆ ಹೋಳಿಗೆಯ ಗಂಟು ಬೇರೆ ಇಟ್ಟೆವು. ಅದರ ಋಣಕ್ಕಾದರ‍ೂ ವರದಿಯಲ್ಲಿ ಒಂದು ಸಂಖ್ಯೆ ಬೀಳಬಹುದಿತ್ತು.

ವರದಿಯ ಪ್ರತಿ ಪಂಚಾಯಿತಿಗೆ ಬಂದ ದಿನ ನಾನು ಅದನ್ನು ಓದಿ ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ನಗು ಬರಲಿಲ್ಲ. ಗಂಡ ಸಾಲೆಯಿಂದ ಬಂದು ಓದಿದರು. ಅವರಿಗೂ ನಗು ಬರಲಿಲ್ಲ. ಆಟದ ಮೈದಾನದ ಮೂವತ್ತು ಮೀಟರಿನ ಟೇಪನ್ನು ಹೆಡ್‌ಮಾಸ್ತರರಿಗೆ ಹೇಳಿ ತಂದರು. ರವಿವಾರ ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿ ನಮ್ಮೂರಿಗೆ ಹೋಗಿ, ಅಪ್ಪನನ್ನೂ ಕರೆದುಕೊಂಡು ಗಾಯರಾಣಕ್ಕೆ ನಡೆದೆವು. ಅಲ್ಲಿ ಯಾರೂ ಇರಲಿಲ್ಲ. ಹತ್ತು ಎಮ್ಮೆ, ಅವುಗಳ ಹಿಂದೆ ಕಾಯುತ್ತಿದ್ದ ಮದಾರಸಾಬ ಇಷ್ಟೇ. ಅವರು ಟೇಪು ನೋಡಿ, “ಗಾಯರಾಣ ಹಂಚಾಕತ್ತಾರೇನು?” ಎಂದು ಗಾಬರಿಯಾದರು. ಇಲ್ಲ, ವಿಮಾನಕ್ಕೆ ಎಂದೆವು. “ಹಂಗಾರ ಛಲೋ ಆತು. ನನ್ನ ಎಮ್ಮಿ ಬದಿಗೆ ಹೊಡ್ಕೋತೀನಿ” ಎಂದರು. ನಮ್ಮ ಜಿಲ್ಲೆಯಲ್ಲಿ ನಿಲ್ದಾಣಕ್ಕಾಗಿ ನಡೆದ ಮೊದಲ ತೆರವು ಅದು. ಯಾವ ನೋಟೀಸೂ ಬೇಕಾಗಲಿಲ್ಲ. ಗಾಳಿ ಬೀಸುವ ದಿಕ್ಕಿಗೆ, ಅಂದರೆ ಪಡುವಣದಿಂದ ಮೂಡಣಕ್ಕೆ, ಟೇಪನ್ನು ಅರವತ್ತೈದು ಸಲ ಹಾಸಿದೆವು. ಒಂದು ತುದಿ ಅಪ್ಪ, ಇನ್ನೊಂದು ತುದಿ ಗಂಡ, ಬರೆದುಕೊಂಡವಳು ನಾನು. ಸಾವಿರದ ಒಂಬೈನೂರಾ ಐವತ್ತು ಮೀಟರ್. ಗುಂಡಿಯಿಲ್ಲ, ಗುಡ್ಡವಿಲ್ಲ, ಮನೆಯಿಲ್ಲ, ಕಂಬವಿಲ್ಲ. ಸಣ್ಣ ವಿಮಾನಕ್ಕೆ ಬೇಕಾದಷ್ಟಾಗಿ ಐನೂರು ಮೀಟರಿಗೂ ಹೆಚ್ಚು ಉಳಿಯುತ್ತದೆ. ಮೂರು ಜನ ಒಂದು ಟೇಪಿನಿಂದ ಮಧ್ಯಾಹ್ನದ ಊಟದೊಳಗೆ ಮಾಡಿದ ಕೆಲಸ ಇದು. ತಮ್ಮ ಸಮಿತಿಯಲ್ಲಿ ಒಂಬತ್ತು ಜನ ಇದ್ದೀರಿ.

ಆದರೆ ನನ್ನ ಅಳತೆಗೆ ಸೀಲಿಲ್ಲ. ಕಂಪನಿಯವರಿಗೆ ಹೇಳಿದರೆ, ‘ಮೇಡಂ, ಸಮಿತಿಯ ಸಂಖ್ಯೆ ಬೇಕು’ ಎಂದರು. ಅಪ್ಪನಿಗೆ ಇದು ಅರ್ಥವೇ ಆಗಲಿಲ್ಲ. “ನೆಲ ಐತಿ, ಅಳದೀವಿ, ಮತ್ತ ಅದಕ್ಕ ಸೀಲ್ ಯಾಕ? ಸೀಲ್ ಒತ್ತಿದ್ರ ಉದ್ದ ಆಕ್ಕೈತೇನು?” ಎಂದು ಕೇಳಿದ. ಈ ಪ್ರಶ್ನೆಯನ್ನು ಹಾಗೆಯೇ ತಮಗೆ ದಾಟಿಸುತ್ತಿದ್ದೇನೆ.

ಇಲ್ಲಿಯವರೆಗಿನದನ್ನು ಸೋಮವಾರ ಬರೆದಿಟ್ಟಿದ್ದೆ. ಇವತ್ತು ಶುಕ್ರವಾರ, ತಾರೀಖು ಹತ್ತೊಂಬತ್ತು. ನಡುವೆ ಒಂದು ಸಂಗತಿ ನಡೆಯಿತು, ಅದನ್ನು ಸೇರಿಸದೆ ಪತ್ರ ಕಳಿಸಲಾರೆ. ನಿನ್ನೆ ಸಂಜೆ ನಾನು ಕಾಗದದ ಮೇಲೆ ಎರಡು ಸಾಲು ಮಾಡಿ, ದೊಡ್ಡ ಜೆಟ್ಟಿನ ಲಾಭ ಒಂದು ಕಡೆ, ಸಣ್ಣದರ ಲಾಭ ಇನ್ನೊಂದು ಕಡೆ, ಹತ್ತನೆಯ ಸಲ ಬರೆಯುತ್ತಾ ಕೂತಿದ್ದೆ. ಗಂಡ ಉತ್ತರ ಪತ್ರಿಕೆ ತಿದ್ದುತ್ತಿದ್ದರು. ತಲೆ ಎತ್ತದೆ ಕೇಳಿದರು:

“ಹೇಮಾ, ನಿಲ್ದಾಣ ಆಗ್ತೈತೋ ಇಲ್ಲೋ ಬಿಡು. ನಾ ಎಲ್ಲಿರ್ತೀನಿ ಅನ್ನೂದನ್ನೂ ಬಿಡು. ನಿನಗ ಯಾವುದನ್ನ ಹಾರ‍ಸಾಕ ಇಷ್ಟ?”

ಆರು ತಿಂಗಳಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಉತ್ತರ ತಕ್ಷಣ ಬಾಯಿಗೆ ಬಂತು. “ಸಣ್ಣದು” ಎಂದೆ. ಅದು ತಗ್ಗಿನಲ್ಲಿ ಹಾರುತ್ತದೆ. ಕೆಳಗೆ ಹೊಲ, ಕೆರೆ, ಬಾವಿ, ಎಮ್ಮೆ ಎಲ್ಲ ಕಾಣುತ್ತವೆ. ಗಾಳಿ ಬಂದರೆ ಕೈಗೆ ತಿಳಿಯುತ್ತದೆ. ದಿನಕ್ಕೆ ಐದಾರು ಸಲ ಇಳಿಯಬೇಕು, ನನಗೆ ಎಲ್ಲಕ್ಕಿಂತ ಹೆಚ್ಚು ಸೇರುವುದು ಇಳಿಯುವುದೇ.

“ಮತ್ತ ಅದನ್ನ ಬರಿ.”

“ನಿಲ್ದಾಣ ಆಗಲಿಲ್ಲ ಅಂದ್ರ? ಬ್ಯಾರೆ ಊರಿಗೆ ಹಾಕಿದ್ರ?”

ಅವರು ಕೆಂಪು ಪೆನ್ನನ್ನು ಕೆಳಗಿಟ್ಟರು. ಆಮೇಲೆ ಹೇಳಿದರು: “ಆದ್ರ ಮತ್ತ ಬಸ್ಸು ಐತಲ್ಲ. ನೀ ಬರ್ತಿ, ನಾ ಬರ್ತೀನಿ. ನಿನಗ ಒಲ್ಲದ್ದನ್ನ ಹಾರಿಸ್ಕೋತ ನನ್ನ ಕೂಡ ಸಿಟ್ಟು ಮಾಡೂದು ಬ್ಯಾಡ.” ಹೀಗೆಂದು ಮತ್ತೆ ಪತ್ರಿಕೆ ತಿದ್ದತೊಡಗಿದರು. ಆದರೆ ಮುಂದಿನ ಮೂರು ಹುಡುಗರಿಗೆ ಅವರು ಲೆಕ್ಕವಿಲ್ಲದೆ ಅಂಕ ಕೊಟ್ಟದ್ದನ್ನು ನಾನು ನೋಡಿದೆ. ಅವರ ಮನಸ್ಸು ಅಲ್ಲಿರಲಿಲ್ಲ.

ಇವತ್ತು ಬೆಳಿಗ್ಗೆ ತರಬೇತಿ ಸಂಸ್ಥೆಗೆ ಉತ್ತರ ಕಳಿಸಿದೆ. ಸಣ್ಣ ವಿಮಾನ ಎಂದು ಬರೆದೆ. ತಮ್ಮ ಸಂಖ್ಯೆಗೆ ಕಾಯಲಿಲ್ಲ. ಹಾಗೆಂದು ತಾವು ಪಾರಾದಿರಿ ಎಂದು ತಿಳಿಯಬೇಡಿ. ತರಬೇತಿ ಎರಡು ತಿಂಗಳು. ನಾನು ಅದನ್ನು ಮುಗಿಸಿ ಬರುವಷ್ಟರಲ್ಲಿ ತಾವು ಮತ್ತೊಮ್ಮೆ ನಮ್ಮ ಗಾಯರಾಣಕ್ಕೆ ಬರಬೇಕು. ಹಬ್ಬವಲ್ಲದ ದಿನ ಬರಬೇಕು, ಮನೆಯಲ್ಲಿ ಉಂಡು ಬರಬೇಕು, ಜೀಪಿನಿಂದ ಟೇಪು ಇಳಿಸಬೇಕು. ಅಪ್ಪ ಒಂದು ತುದಿ ಹಿಡಿಯುತ್ತಾನೆ, ಬೇಕಾದರೆ ಎರಡೂ ತುದಿ ಹಿಡಿಯುತ್ತಾನೆ. ನಮ್ಮವ್ವನಿಗೆ ತಾವು ಬರುವ ಸುದ್ದಿಯನ್ನು ಹೇಳುವುದಿಲ್ಲ ಎಂದು ಮಾತು ಕೊಡುತ್ತೇನೆ. ಅಳೆದು, ಬಂದ ಸಂಖ್ಯೆಯನ್ನು ಹನ್ನೊಂದನೆಯ ಪುಟದಲ್ಲಿ ಬರೆದು ಸೀಲು ಒತ್ತಬೇಕು. ನನ್ನ ಅಳತೆ ತಪ್ಪಾಗಿದ್ದರೆ ತಪ್ಪೆಂದೇ ಬರೆಯಿರಿ, ಒಪ್ಪಿಕೊಳ್ಳುತ್ತೇನೆ. ನೆಲ ಸಾಲದು ಎಂದಾದರೆ ಅದನ್ನೂ ಬರೆಯಿರಿ. ಒಂದು ದಿನ ಅಳುತ್ತೇನೆ, ಮಾರನೆಯ ದಿನ ಬಸ್ಸಿನ ವೇಳಾಪಟ್ಟಿ ನೋಡುತ್ತೇನೆ.

ತಾವು ಬರದಿದ್ದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಯಾವುದೋ ಊರಿನಿಂದ ಇದೇ ವಿಮಾನವನ್ನು ಹಾರಿಸುತ್ತೇನೆ, ತಿಂಗಳಿಗೆ ಎರಡು ದಿನ ಮನೆಗೆ ಬರುತ್ತೇನೆ, ಒಂದು ದಿನ ನಿದ್ದೆ, ಒಂದು ದಿನ ಬಟ್ಟೆ. ಜಿಲ್ಲೆಯ ಅಭಿವೃದ್ಧಿ, ಅಕ್ಕಿಯ ವ್ಯಾಪಾರ, ರೋಗಿಗಳ ತುರ್ತು ಸಾಗಣೆ ಎಂದೆಲ್ಲ ಬರೆದಿದ್ದರೆ ಈ ಅರ್ಜಿಗೆ ತೂಕ ಬರುತ್ತಿತ್ತು ಎಂದು ನನಗೆ ಗೊತ್ತು. ಅವೆಲ್ಲ ನಿಜವೇ, ಬೇರೆಯವರು ಬರೆದಿದ್ದಾರೆ. ನಾನು ನನ್ನ ಕಾರಣವನ್ನು ಬರೆಯುತ್ತೇನೆ. ದಿನದ ಕೆಲಸ ಮುಗಿಸಿ, ನನ್ನ ಗಂಡ ಇರುವ ಮನೆಗೆ, ಅದೇ ದಿನ ಸಂಜೆ, ನಾನು ಬರಬೇಕು. ಸರಕಾರಿ ನಮೂನೆಯಲ್ಲಿ ಇದಕ್ಕೆ ಕಲಂ ಇಲ್ಲವೆಂದು ಬಲ್ಲೆ. ಆದರೂ ನನ್ನ ಬಳಿ ಇದಕ್ಕಿಂತ ದೊಡ್ಡ ಕಾರಣ ಇಲ್ಲ.

ಇಂತಿ,
ಸದ್ಯಕ್ಕೆ ಕುಷ್ಟಗಿಯಲ್ಲೇ ಇರುವ, ಇಲ್ಲಿಯೇ ಇರಬೇಕೆಂದು ಹಟ ಹಿಡಿದಿರುವ
ಒಬ್ಬ ವಿಮಾನ ಚಾಲಕಿ,
ಹೇಮಾ ತಿರುಮಲೇಶ